ಪ್ಲೇಟಕ್ಕನ ಗಾಜಿನ ಗೂಡಿಗೆ ಬಂದ ಪೆಟ್ಟಿಗೆ

ಗಂಡ ಕಾಫಿ ಕುಡಿದ ಲೋಟವನ್ನು ತಾನೇ ತೊಳೆದು ಬೋರಲು ಹಾಕಿದ ದಿನವೇ ಪ್ಲೇಟಕ್ಕನಿಗೆ ಅನುಮಾನ ಬಂತು. ಮದುವೆಯಾದಾಗಿನಿಂದ ಆ ಮನುಷ್ಯ ಕುಡಿದ ಲೋಟವನ್ನು ಕುಡಿದಲ್ಲೇ ಬಿಟ್ಟು ಏಳುವವನು. ಕಿಟಕಿಯ ಮೇಲೆ, ಮಂಚದ ಕೆಳಗೆ, ಒಮ್ಮೆ ಚಪ್ಪಲಿ ಗೂಡಿನೊಳಗೂ ಲೋಟ ಸಿಕ್ಕಿತ್ತು. ಅಂಥವನು ಹೇಳದೆ ಕೇಳದೆ ಲೋಟ ತೊಳೆದನೆಂದರೆ ಯಾವುದೋ ತಪ್ಪಿಗೆ ಮುಂಗಡ ಕಟ್ಟುತ್ತಿದ್ದಾನೆ ಎಂದೇ ಲೆಕ್ಕ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಪ್ಲೇಟಕ್ಕ ಎಂದ ಕೂಡಲೇ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವಳು ಎಂದುಕೊಳ್ಳುವವರಿದ್ದಾರೆ. ಅವಳು ಸ್ಕೇಟಿಂಗ್ ಹಾಲ್‌ನಲ್ಲಿ ಹಾಡು ಹಾಕುವವಳು. ಈಗಿನವರು ಅದಕ್ಕೆ ಡಿಜೆ ಅನ್ನುತ್ತಾರೆ. ಅವಳು ಸೇರಿದ ಕಾಲದಲ್ಲಿ ಆ ಕೆಲಸಕ್ಕೆ ಹೆಸರೇ ಇರಲಿಲ್ಲ. ಕಪ್ಪು ರೆಕಾರ್ಡುಗಳನ್ನು ಎಲ್ಲರೂ ಪ್ಲೇಟು ಅನ್ನುತ್ತಿದ್ದರು, ಹಾಗಾಗಿ ಪ್ಲೇಟು ತಿರುಗಿಸುವ ಅಕ್ಕ ಪ್ಲೇಟಕ್ಕ ಆದಳು. ಮಾತು ಬದಲಿಸುವವರನ್ನು ‘ಪ್ಲೇಟು ತಿರುಗಿಸಿದ’ ಎಂದು ಜನ ಬೈಯುವಾಗ ಅವಳಿಗೆ ಬೇಸರವಾಗುತ್ತದೆ. ಪ್ಲೇಟು ತಿರುಗಿಸುವುದು ಎಷ್ಟು ನಿಯತ್ತಿನ ಕೆಲಸ ಎಂದು ಅವರಿಗೇನು ಗೊತ್ತು.

ಗಂಡನೂ ಅದೇ ಹಾಲ್‌ನವನು. ಬಾಗಿಲ ಪಕ್ಕದ ಕೌಂಟರಿನಲ್ಲಿ ಚಕ್ರದ ಶೂ ಕೊಡುವುದು, ಬಂದವರ ಮುಂದೆ ಮಂಡಿಯೂರಿ ಕೂತು ಲೇಸು ಬಿಗಿಯುವುದು, ಬಿದ್ದವರನ್ನು ಎತ್ತಿ ನಿಲ್ಲಿಸುವುದು ಅವನ ಕೆಲಸ. ಎಲ್ಲರ ಬಾಯಲ್ಲೂ ಅವನು ಚಕ್ರಮಾಮ. ಹಾಲ್‌ನ ಮಾಲೀಕರನ್ನು ಮಾತ್ರ ಯಜಮಾನರು ಅನ್ನುತ್ತಾರೆ. ಆದ್ದರಿಂದ ಪ್ಲೇಟಕ್ಕ ‘ನಮ್ಮ ಯಜಮಾನರು’ ಎಂದರೆ ಅದು ಗಂಡನಲ್ಲ. ಗಂಡನಿಗೆ ಆ ಪದವಿಯನ್ನು ಅವಳು ಕೊಟ್ಟೂ ಇಲ್ಲ.

ಹಾಲ್‌ನ ಒಂದು ಮೂಲೆಯಲ್ಲಿ ಅವಳ ಗಾಜಿನ ಗೂಡು. ಒಳಗೆ ಪ್ಲೇಟು ತಿರುಗುವ ಯಂತ್ರ ಎರಡು, ನಡುವೆ ಎರಡರ ದನಿಯನ್ನೂ ಬೆರೆಸುವ ಮಿಕ್ಸರ್. ಇವನ್ನೆಲ್ಲ ಹೊತ್ತ ಹಲಗೆಗೆ ಕಾಲಿಲ್ಲ, ತೊಲೆಯಿಂದ ಹಗ್ಗದಲ್ಲಿ ತೊಟ್ಟಿಲಿನ ಹಾಗೆ ತೂಗುತ್ತದೆ. ನೆಲದ ಮೇಲೆ ಮೇಜು ಇದ್ದ ಕಾಲದಲ್ಲಿ ಯಾರಾದರೂ ದಪ್ಪನೆಯವರು ಬಿದ್ದರೆ ಸೂಜಿ ಎಗರಿ ಹಾಡು ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಹಾರುತ್ತಿತ್ತು. ಹಗ್ಗ ಕಟ್ಟಿಕೊಟ್ಟವನು ಚಕ್ರಮಾಮನೇ, ಮದುವೆಗೆ ಮುಂಚೆ. ಅವನು ಮಾಡಿದ ಆ ಒಂದು ಒಳ್ಳೆ ಕೆಲಸ ನೋಡಿ ತಾನು ಮೋಸಹೋದೆ ಎಂದು ಅವಳು ಈಗಲೂ ಹೇಳುವುದುಂಟು. ಗೂಡಿನಲ್ಲಿ ಒಂದು ಕುರ್ಚಿಯೂ ಇದೆ. ಕೆಲಸದವರಿಗೆಂದು ಇಡೀ ಹಾಲ್‌ನಲ್ಲಿ ಇರುವುದು ಅದೊಂದೇ ಕುರ್ಚಿ, ಅದರ ಮೇಲೂ ಪ್ಲೇಟುಗಳ ಡಬ್ಬವೇ ಕೂತಿರುತ್ತದೆ. ಅವಳು ಕೂರುವುದಿಲ್ಲ. ಮೂರು ನಿಮಿಷಕ್ಕೊಂದು ಹಾಡು ಮುಗಿಯುತ್ತದೆ. ಅಷ್ಟರೊಳಗೆ ಇನ್ನೊಂದು ಪ್ಲೇಟನ್ನು ಒರೆಸಿ, ಸೂಜಿ ಇಟ್ಟು, ಒಂದೇ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಎರಡು ಹಾಡಿನ ತಾಳದ ಹೆಜ್ಜೆ ಕೂಡಿಸಬೇಕು. ಇದರ ನಡುವೆ ಕೂರುವುದು ಎಲ್ಲಿಂದ ಬಂತು.

ಲೋಟದ ಬೆನ್ನಿಗೇ ಎರಡನೇ ಸಾಕ್ಷಿ ಸಿಕ್ಕಿತು. ಒಂದು ಮಧ್ಯಾಹ್ನ ಹಾಲ್ ತೆರೆಯುವ ಮುಂಚೆ ಅವಳು ಒಳಗೆ ಬಂದರೆ ಯಜಮಾನರು ಗಾಜಿನ ಗೂಡಿನ ಬಾಗಿಲ ಅಗಲ ಅಳೆಯುತ್ತಿದ್ದರು. ಟೇಪಿನ ಇನ್ನೊಂದು ತುದಿ ಹಿಡಿದು ನಿಂತವನು ಚಕ್ರಮಾಮ. ಅವಳನ್ನು ಕಂಡದ್ದೇ ಟೇಪು ಸರ್ರನೆ ಡಬ್ಬಿಯೊಳಗೆ ಸೇರಿಕೊಂಡಿತು.

“ಏನ್ ಅಳೀತಿದ್ರಿ?” ಎಂದು ಕೇಳಿದಳು.

“ಏನಿಲ್ಲ, ಸುಮ್ನೆ,” ಅಂದ ಗಂಡ.

“ಸುಮ್ನೆ ಯಾರಾದ್ರೂ ಬಾಗಿಲು ಅಳೀತಾರಾ?”

“ಬಾಗಿಲು ಸರಿಯಾಗಿ ಮುಚ್ತಿಲ್ಲ ಅನ್ನಿಸ್ತು,” ಅಂದರು ಯಜಮಾನರು, ಚಾವಣಿ ನೋಡುತ್ತಾ.

ಬಾಗಿಲು ಚೆನ್ನಾಗಿಯೇ ಮುಚ್ಚುತ್ತಿತ್ತು. ಒಳಗೆ ಹೋಗಿ ಅದನ್ನು ಅವರಿಬ್ಬರ ಮುಖದ ಮೇಲೇ ಮುಚ್ಚಿ ತೋರಿಸಿದಳು.

ಎದುರು ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ತಂಗಿಯ ಹತ್ತಿರ ಇದನ್ನು ಹೇಳಿದಾಗ ತಂಗಿ ಕತ್ತರಿ ಕೆಳಗಿಟ್ಟಳು. ಊಟಕ್ಕೆ ಕರೆದರೂ ಕತ್ತರಿ ಬಿಡದ ಹೆಂಗಸು ಅವಳು.

“ಬೆಂಕಿ ಇಲ್ದೆ ಹೊಗೆ ಆಡಲ್ಲ ಅಕ್ಕಾ. ಈಗ ಹಾಡು ಹಾಕೋಕೆ ಸಣ್ಣ ಪೆಟ್ಟಿಗೆ ಬಂದಿದೆ. ಕಂಪ್ಯೂಟರಿಗೆ ಸಿಗಿಸಿದ್ರೆ ಸಾಕಂತೆ, ಸ್ಕೂಲ್ ಬ್ಯಾಗಲ್ಲಿ ಹಿಡಿಸುತ್ತಂತೆ. ನಿಮ್ಮ ಯಜಮಾನ್ರು ಅದನ್ನ ತಂದು ಭಾವಂಗೆ ಕಲಿಸಿದ್ರೆ ನಿನ್ನ ಗತಿ ಏನು?”

“ಅವ್ರಿಗೆ ಫೋನಲ್ಲಿ ಅಲಾರಾಂ ಇಡೋಕೂ ಬರಲ್ಲ ಕಣೆ.”

“ಬರಲ್ಲ ಅಂತ ನಿಂಗೆ ಹೇಳಿದಾರೆ,” ಅಂದಳು ತಂಗಿ.

ಆ ಮಾತು ಪ್ಲೇಟಕ್ಕನ ಕಿವಿಯಲ್ಲಿ ಮುಳ್ಳಿನಂತೆ ಉಳಿಯಿತು. ಇಷ್ಟು ವರ್ಷ ಬೆಳಗಿನ ಅಲಾರಾಂ ಇಟ್ಟದ್ದೆಲ್ಲ ಅವಳೇ, ಎದ್ದು ಆರಿಸಿದ್ದೂ ಅವಳೇ. ಮನೆಗೆ ಬಂದವಳೇ ಹುಡುಕಲು ಶುರುಮಾಡಿದಳು. ಹೆಚ್ಚು ಕಷ್ಟವೇನೂ ಆಗಲಿಲ್ಲ, ಏಕೆಂದರೆ ಚಕ್ರಮಾಮನಿಗೆ ವಸ್ತು ಬಚ್ಚಿಡಲು ಗೊತ್ತಿದ್ದದ್ದು ಒಂದೇ ಜಾಗ. ಅವನು ಸ್ನಾನಕ್ಕೆ ಹೋದಾಗ ಮಂಚದ ಕೆಳಗೆ ಕೈಹಾಕಿದಳು. ಹಳೆಯ ಹೊದಿಕೆಯಲ್ಲಿ ಸುತ್ತಿದ, ಚಪ್ಪಟೆಯಾದ ಒಂದು ಪೆಟ್ಟಿಗೆ ಸಿಕ್ಕಿತು. ಪಕ್ಕದಲ್ಲಿ ಯಜಮಾನರ ಹಳೇ ಲ್ಯಾಪ್‌ಟಾಪು.

ಮೊದಲು ಅವಳು ಅದನ್ನು ಎತ್ತಿದಳು. ಒಂದೇ ಕೈಯಲ್ಲಿ ಬಂತು. ಇದು ಅವಳಿಗೆ ಹಿಡಿಸಲಿಲ್ಲ. ಅವಳ ಪ್ಲೇಟು ಯಂತ್ರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಬೇಕೆಂದರೆ ಇಬ್ಬರು ಬೇಕು, ಜೊತೆಗೆ ‘ನಿಧಾನ, ನಿಧಾನ’ ಎನ್ನಲು ಒಬ್ಬರು. ಹೊರಗಿನ ಸಮಾರಂಭಕ್ಕೆ ಒಮ್ಮೆ ಕೊಂಡೊಯ್ದಾಗ ಬಂದ ಬೆನ್ನುನೋವು ಚಳಿಗಾಲ ಬಂದರೆ ಇನ್ನೂ ಎದ್ದು ಕೂರುತ್ತದೆ. ಹಗುರ ಅನ್ನುವುದು ಒಳ್ಳೆಯ ಗುಣವೇ, ಅದನ್ನು ಅವಳು ಒಪ್ಪುತ್ತಾಳೆ. ಆದರೆ ಹಗುರವಾದದ್ದನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಲ್ಲ. ಅವಳ ಯಂತ್ರವನ್ನು ಹೊದಿಕೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿ ನೋಡಲಿ, ಆಗ ಗೊತ್ತಾಗುತ್ತದೆ.

ಪೆಟ್ಟಿಗೆಯ ಮೇಲೆ ಎಡಕ್ಕೊಂದು ಬಲಕ್ಕೊಂದು ಸಾಸರಿನಷ್ಟಗಲದ ಚಕ್ರ. ತಿರುಗಿಸಿದಳು. ತಿರುಗಿತು, ಬಿಟ್ಟರೆ ನಿಂತಿತು. ಹಾಡುವಾಗಲೂ ಅದು ತಾನಾಗಿ ತಿರುಗುವುದಿಲ್ಲವಂತೆ, ತಂಗಿ ಹೇಳಿದ್ದಳು. ಬಾಯಿ ಮುಚ್ಚಿಕೊಂಡು ಹಾಡುವವರನ್ನು ನಂಬುವುದು ಹೇಗೆ? ಪ್ಲೇಟಾದರೆ ಕಣ್ಣೆದುರೇ ತಿರುಗುತ್ತದೆ. ದೀಪಕ್ಕೆ ಹಿಡಿದರೆ ಹಾಡಿನ ಸಣ್ಣ ದನಿ ಎಲ್ಲಿ, ದೊಡ್ಡ ದನಿ ಎಲ್ಲಿ ಎಂದು ಗೆರೆಗಳ ಬಣ್ಣದಲ್ಲೇ ಕಾಣುತ್ತದೆ. ಬೆರಳಿಟ್ಟರೆ ನಿಲ್ಲುತ್ತದೆ, ಬೆರಳೆತ್ತಿದರೆ ನಡೆಯುತ್ತದೆ, ಗೀರು ಬಿದ್ದರೆ ಗೀರು ಬಿದ್ದಿದೆ ಎಂದು ಬಾಯಿಬಿಟ್ಟು ಹೇಳುತ್ತದೆ. ಈ ಪೆಟ್ಟಿಗೆಯೊಳಗೆ ಸಾವಿರಾರು ಹಾಡು ಇದ್ದರೂ ಒಂದೂ ಕೈಗೆ ಸಿಗುವುದಿಲ್ಲ.

ಪೆಟ್ಟಿಗೆಯನ್ನು ದೀಪದ ಹತ್ತಿರ ಹಿಡಿದಳು. ಗುಂಡಿಗಳ ಪಕ್ಕದಲ್ಲೆಲ್ಲ ಬಿಳಿ ಟೇಪಿನ ಚೂರು ಅಂಟಿಸಿತ್ತು, ಅವುಗಳ ಮೇಲೆ ಬರಹ. ‘ಶುರು’. ‘ನಿಲ್ಲು’. ‘ಜೋಡಿಸು’. ಕೆಂಪು ಗುಂಡಿಯೊಂದರ ಪಕ್ಕ ‘ಮುಟ್ಟಬೇಡ’. ಶೂಗಳ ಹಿಮ್ಮಡಿಯ ಮೇಲೆ ಸೈಜು ಬರೆಯುವ ಅದೇ ಗುಂಡಗಿನ ಅಕ್ಷರ. ‘ಜೋಡಿಸು’ ಅಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ಹಾಡಿನ ಹೆಜ್ಜೆ ಕೂಡಿಸಲು ಅವಳು ವರ್ಷಗಟ್ಟಲೆ ಕಿವಿ ಸವೆಸಿದ್ದಳು. ಇಲ್ಲಿ ಅದಕ್ಕೊಂದು ಗುಂಡಿ ಇತ್ತು, ಅದರ ಮೇಲೆ ಗಂಡನ ಬೆರಳಿನ ಗುರುತಿತ್ತು. ಬಚ್ಚಲಿನಲ್ಲಿ ನೀರಿನ ಸದ್ದು ನಿಂತಾಗ ಎಲ್ಲವನ್ನೂ ಇದ್ದ ಹಾಗೇ ಸುತ್ತಿಟ್ಟು ಅಡುಗೆಮನೆಗೆ ಹೋದಳು.

ಅಂದಿನಿಂದ ಅವಳು ಗಂಡನ ಕೈಗಳನ್ನೇ ಕಾಯತೊಡಗಿದಳು. ಅವು ಊಟದ ಮೇಜಿನ ಮೇಲೆ ತಾಳ ಹಾಕುತ್ತಿದ್ದವು. ಬಸ್ಸಿಗೆ ಕಾಯುವಾಗ ತೊಡೆಯ ಮೇಲೆ ಗುಂಡಿ ಒತ್ತುತ್ತಿದ್ದವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಕೇಳಿದರೆ ಪ್ಲೇಟು ತಿರುಗಿಸುತ್ತಾನೆ, ಸಿಕ್ಕಿಬೀಳಲಿ ಎಂದು ಕಾದಳು. ಆ ಗೂಡು ಕೈಬಿಟ್ಟರೆ ಅವಳಿಗೆ ಬೇರೆ ಜಾಗವಿರಲಿಲ್ಲ. ಮನೆಯಲ್ಲಿ ಇದ್ದದ್ದು ಅಡುಗೆಮನೆ, ಅಲ್ಲಿಯ ತಾಳಕ್ಕೆ ಯಾರೂ ಕುಣಿಯುವುದಿಲ್ಲ.

ಪರೀಕ್ಷೆಯ ದಿನ ತಾನಾಗಿ ಬಂತು. ಯಜಮಾನರು ಅವಳನ್ನು ಕರೆದು, ಕಣ್ಣು ತಪ್ಪಿಸಿ, “ಒಂದು ಮಧ್ಯಾಹ್ನ ಹೊಸ ಮಿಷಿನ್ ಹಾಕಿ ನೋಡೋಣ ಅಂತ. ನಿಮಗೂ ಸ್ವಲ್ಪ ರೆಸ್ಟು,” ಅಂದರು. ಪೆಟ್ಟಿಗೆಯನ್ನು ಶೂ ಕೌಂಟರಿನ ಮೇಲೇ ಇಟ್ಟರು. ಅದಕ್ಕೆ ಗಾಜಿನ ಗೂಡು ಬೇಡ, ತೂಗುವ ಹಲಗೆ ಬೇಡ, ಮೂವರು ಒಟ್ಟಿಗೆ ಬಿದ್ದರೂ ಎಗರಲು ಅದರಲ್ಲಿ ಸೂಜಿಯೇ ಇಲ್ಲ. ಚಕ್ರಮಾಮ ‘ಶುರು’ ಒತ್ತಿದ.

ಇಲ್ಲಿ ಒಂದು ವಿಷಯ ಹೇಳಬೇಕು. ಪ್ಲೇಟಕ್ಕ ಯಾವ ಹಾಡನ್ನೂ ಅದರ ಸರಿಯಾದ ವೇಗದಲ್ಲಿ ಹಾಕುತ್ತಿರಲಿಲ್ಲ. ಯಂತ್ರದ ಪಕ್ಕದಲ್ಲಿ ವೇಗ ಏರಿಸುವ ಇಳಿಸುವ ಒಂದು ಕಡ್ಡಿ ಇದೆ. ಅವಳು ಗಾಜಿನಾಚೆ ಕಾಲುಗಳನ್ನು ನೋಡುತ್ತಾ ಅದನ್ನು ಒಂದಿಷ್ಟು ಕೆಳಗೆ ಎಳೆದಿಡುತ್ತಿದ್ದಳು. ಕಾಲು ಒಮ್ಮೆ ತಳ್ಳಿ ಜಾರಿ ಮತ್ತೆ ತಳ್ಳುವಷ್ಟು ಪುರುಸೊತ್ತು ಹಾಡಿನಲ್ಲಿ ಇರಬೇಕಲ್ಲ. ಹೀಗೆ ಎಷ್ಟು ಕಾಲ ನಡೆಯಿತೆಂದರೆ ಆ ಸುತ್ತಿನ ಜನರೆಲ್ಲ ಆ ಹಾಡುಗಳು ಹುಟ್ಟಿದ್ದೇ ಹಾಗೆ ಎಂದು ತಿಳಿದಿದ್ದರು. ರೇಡಿಯೋದಲ್ಲಿ ಕೇಳಿದರೆ, ‘ಇವ್ರಿಗೇನು ಇಷ್ಟು ಅವಸರ’ ಅನ್ನುತ್ತಿದ್ದರು.

ಪೆಟ್ಟಿಗೆ ಹಾಡನ್ನು ಹುಟ್ಟಿದ ವೇಗದಲ್ಲೇ ಹಾಡಿತು. ಮೊದಲ ಸುತ್ತಿನಲ್ಲಿ ಜನ ಹುಬ್ಬೇರಿಸಿದರು. ಎರಡನೇ ಸುತ್ತಿಗೆ ಕಾಲು ಹಾಡಿನ ಹಿಂದೆ ಓಡತೊಡಗಿತು. ಮೂರನೇ ಸುತ್ತಿನಲ್ಲಿ ದೂರದ ತಿರುವಿನ ಹತ್ತಿರ ಒಬ್ಬರು ಜಾರಿದರು. ಅವರ ಮೇಲೆ ಹಿಂದಿನವರು, ಅವರ ಮೇಲೆ ಹಾಲ್‌ಗೆ ತಪ್ಪದೆ ಬರುವ ಅಂಚೆಕಚೇರಿಯ ದೊಡ್ಡಮ್ಮ, ಕೊನೆಗೆ ಮೂಲೆಯಲ್ಲಿ ಒಂದು ರಾಶಿ. ಯಾರಿಗೂ ಪೆಟ್ಟಾಗಲಿಲ್ಲ, ಎಲ್ಲರಿಗೂ ನಾಚಿಕೆಯಾಯಿತು. ಕಂಬದ ಹಿಂದೆ ನಿಂತು ನೋಡುತ್ತಿದ್ದ ಪ್ಲೇಟಕ್ಕನಿಗೆ ಆದ ಸಂತೋಷವನ್ನು ಬರೆದರೆ ಅವಳ ಮರ್ಯಾದೆಗೆ ಕುಂದು. ಆದರೂ ಸಂತೋಷ ಆಯಿತು, ತುಂಬ ಆಯಿತು.

“ನೆಲಕ್ಕೆ ಮೇಣ ಜಾಸ್ತಿ ಹಚ್ಚಿದಾರೆ,” ಅಂದರು ಯಜಮಾನರು.

ಅವಳು ಗೂಡಿಗೆ ಹೋಗಿ ಪ್ಲೇಟು ಇಟ್ಟಳು. ಅದೇ ನೆಲ, ಅದೇ ಮೇಣ, ಅಂಚೆಕಚೇರಿಯ ದೊಡ್ಡಮ್ಮ ಕೈಬಿಟ್ಟು ಎರಡು ಸುತ್ತು ಹಾಕಿದರು.

ಆ ಸಂಜೆ ಊಟಕ್ಕೆ ಕೂತಾಗ ಚಕ್ರಮಾಮ ಮೆಲ್ಲಗೆ ಕೇಳಿದ, “ಅಲ್ಲ, ಆ ಕಡ್ಡಿ ಎಲ್ಲಿ ಇಡಬೇಕು ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?”

ಗೆದ್ದವರ ಬಾಯಿಗೆ ಬೀಗವಿರುವುದಿಲ್ಲ. ಬಡಿಸುತ್ತಾ ಬಡಿಸುತ್ತಾ ಎಲ್ಲವನ್ನೂ ಹೇಳಿದಳು. ಯಂತ್ರದ ಮೇಲಿನ ಸಂಖ್ಯೆ ನೋಡಬಾರದು, ಕಾಲು ನೋಡಬೇಕು. ಅದೂ ಚೆನ್ನಾಗಿ ಆಡುವವರ ಕಾಲಲ್ಲ, ಸುಮಾರಾಗಿ ಆಡುವವರದು. ಹಿಂದಿನ ಕಾಲು ನೆಲ ಬಿಟ್ಟು ಮತ್ತೆ ಊರುವ ಹೊತ್ತಿಗೆ ತಬಲಾದ ಪೆಟ್ಟು ಬೀಳಬೇಕು. ಸಂಜೆಯಾದ ಹಾಗೆ ಕಾಲು ಸೋಲುತ್ತದೆ, ಆಗ ಇನ್ನೊಂದು ಕೂದಲೆಳೆ ಇಳಿಸಬೇಕು. ಹೊಸಬರು ಹೆಚ್ಚು ಬಂದ ದಿನ ಯಾವ ಹಾಡು, ಜೋಡಿಗಳು ಬಂದ ದಿನ ಯಾವುದು, ಒಂದೊಂದೂ ಹೇಳಿದಳು. ಅವನು ತಲೆ ಎತ್ತದೆ ಕೇಳಿದ. ಎಂದೂ ಇಷ್ಟು ಗಮನವಿಟ್ಟು ಅವಳ ಮಾತು ಕೇಳಿದವನಲ್ಲ. ಸೌಟು ಕೈಯಲ್ಲಿ ಹಿಡಿದಿದ್ದ ಹಾಗೇ ಅವಳಿಗೆ ಹೊಳೆಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ. ಪೆಟ್ಟಿಗೆಗೆ ಗೊತ್ತಿಲ್ಲದೆ ಇದ್ದದ್ದು ಒಂದೇ ವಿದ್ಯೆ, ಅದನ್ನೂ ಕೈಯಾರೆ ಬಡಿಸಿಬಿಟ್ಟಿದ್ದಳು.

“ಯಾಕೆ ಕೇಳ್ತಿದೀರ?” ಅಂದಳು.

“ಸುಮ್ನೆ,” ಅಂದ ಅವನು. ಊಟ ಮುಗಿಸಿ ತಟ್ಟೆಯನ್ನೂ ತೊಳೆದಿಟ್ಟ.

ಅದಾದ ಮೇಲೆ ಅವನು ಬೆಳಿಗ್ಗೆ ಬೇಗ ಮನೆ ಬಿಡಲು ಶುರುಮಾಡಿದ. ಚಕ್ರಗಳಿಗೆ ಎಣ್ಣೆ ಹಾಕಬೇಕು ಅನ್ನುತ್ತಿದ್ದ. ಎಣ್ಣೆ ಹಾಕಲು ಲ್ಯಾಪ್‌ಟಾಪು ಯಾಕೆ ಎಂದು ಅವಳು ಕೇಳಲಿಲ್ಲ. ಒಂದು ಬೆಳಿಗ್ಗೆ ಅವನ ಹಿಂದೆಯೇ ಹೋದಳು, ಹಾಲ್‌ನ ಪಕ್ಕದ ಸಣ್ಣ ಬಾಗಿಲನ್ನು ಬೆರಳಗಲ ತೆರೆದು ನೋಡಿದಳು.

ಖಾಲಿ ಹಾಲ್‌ನಲ್ಲಿ ಚಕ್ರಮಾಮ ಒಬ್ಬನೇ. ಕೌಂಟರಿನ ಮೇಲೆ ಪೆಟ್ಟಿಗೆ ಹಾಡುತ್ತಿತ್ತು. ಅವನು ಕಾಲಿಗೆ ಚಕ್ರ ಕಟ್ಟಿಕೊಂಡು ಒಂದು ಸುತ್ತು ಹಾಕುವನು, ಅಂಚಿನ ಕಂಬಿ ಹಿಡಿದು ನಿಲ್ಲುವನು, ತಲೆ ಅಲ್ಲಾಡಿಸುವನು, ಕೌಂಟರಿಗೆ ಬಂದು ಏನನ್ನೋ ಕೂದಲೆಳೆಯಷ್ಟು ಸರಿಸುವನು, ಮತ್ತೆ ಸುತ್ತು ಹೋಗುವನು. ಒಂದು ಕಾಲದಲ್ಲಿ ಹಿಂದುಹಿಂದಾಗಿ ಹಕ್ಕಿಯ ಹಾಗೆ ಹೋಗುತ್ತಿದ್ದವನು ಈಗ ಬೇಕೆಂದೇ ಸುಮಾರಾಗಿ ಆಡುತ್ತಿದ್ದಾನೆ ಎಂದುಕೊಂಡಳು. ಚೆನ್ನಾಗಿ ಆಡುವವರ ಕಾಲು ನೋಡಬಾರದು ಎಂದು ಹೇಳಿಕೊಟ್ಟವಳು ಅವಳೇ ತಾನೆ. ಎಷ್ಟೋ ಹೊತ್ತಿನ ಮೇಲೆ ಹಾಡು ಹದಕ್ಕೆ ಬಂತು. ಕಣ್ಣು ಮುಚ್ಚಿದರೆ ಅವಳದೇ ಕೈ, ಅವಳದೇ ನಿಧಾನ. ಬೇರೆಯವರ ಮನೆಯಲ್ಲಿ ತನ್ನ ಬಟ್ಟೆ ಒಣಗುತ್ತಿರುವುದನ್ನು ಕಂಡ ಹಾಗಾಯಿತು. ಒಳಗೆ ನುಗ್ಗಿ ಕೇಳಲು ಹೊರಟವಳು ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ತಿರುಗಿ ನೇರ ತಂಗಿಯ ಅಂಗಡಿಗೆ ಹೋಗಿ, ಬಟ್ಟೆ ರಾಶಿಯ ಮೇಲೆ ಕೂತು ಅತ್ತಳು.

“ಹೊರಗಿನ ಕಳ್ಳ ಆಗಿದ್ರೆ ಬಾಗಿಲು ಹಾಕ್ಕೋಬಹುದಿತ್ತು,” ಅಂದಳು. “ಮನೆ ಕಳ್ಳಂಗೆ ಏನ್ ಮಾಡ್ಲಿ?”

ಬೆಂಕಿಗೆ ತುಪ್ಪ ಸುರಿಯುತ್ತಾ ಬಂದಿದ್ದ ತಂಗಿ ಮತ್ತೆ ಕತ್ತರಿ ಕೆಳಗಿಟ್ಟಳು. ಅಕ್ಕನ ಬೆನ್ನು ಸವರಿದಳು.

ಆ ಭಾನುವಾರ ಮಧ್ಯಾಹ್ನ, ಹಾಲ್‌ನಲ್ಲಿ ಆಗಲೇ ಜನ ಸೇರಿದ್ದಾಗ, ಚಕ್ರಮಾಮ ಕಾಲಿಗೆ ಚಕ್ರ ಕಟ್ಟಿಕೊಂಡೇ ಗಾಜಿನ ಗೂಡಿನ ಬಾಗಿಲು ತಳ್ಳಿ ಒಳಗೆ ಬಂದ. ಒಂದು ಕಂಕುಳಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಬಿಳಿ ಬಣ್ಣದ ಒಂದು ಜೊತೆ ಚಕ್ರದ ಶೂ. ಶೂಗಳನ್ನು ಅವಳ ಕಾಲ ಹತ್ತಿರ ಇಟ್ಟ. ಅವಳದೇ ಸೈಜು.

“ಹಾಕ್ಕೋ,” ಅಂದ.

“ಯಾಕೆ? ನನ್ನ ಹೊರಗೆ ಕಳಿಸಿ ನೀವು ಒಳಗೆ ಬರೋಕಾ?”

ಅವನು ಇಲ್ಲ ಅನ್ನುತ್ತಾನೆ, ಆಣೆ ಹಾಕುತ್ತಾನೆ, ಆಗ ಮಂಚದ ಕೆಳಗಿನದನ್ನೆಲ್ಲ ಹೊರಗೆಳೆಯಬೇಕು ಎಂದು ಅವಳು ಸಿದ್ಧವಾಗಿ ನಿಂತಿದ್ದಳು. ಅವನು ಹಾಗೆ ಮಾಡಲಿಲ್ಲ.

“ಹೂಂ,” ಅಂದ. “ಅದೂ ನಿಜ.”

ಮೊಣಕಾಲಿನ ಸವಕಳಿ ಬಹಳ ದಿನದ್ದಂತೆ. ಡಾಕ್ಟರು ಮುಂದಿನ ತಿಂಗಳು ಕೊಯ್ದು ಕೀಲು ಬದಲಿಸುತ್ತಾರಂತೆ. ಆಮೇಲೆ ನಡೆಯಬಹುದು, ಆದರೆ ಚಕ್ರ ಕಟ್ಟುವಂತಿಲ್ಲ, ಮಂಡಿಯೂರಿ ಲೇಸು ಬಿಗಿಯುವಂತಿಲ್ಲ. ಮೊದಮೊದಲು ಕಾಲು ಚಾಚಿಕೊಂಡೇ ಕೂರಬೇಕು. ಹಾಲ್‌ನಲ್ಲಿ ಕೂತು ಮಾಡುವ ಕೆಲಸ ಇರುವುದು ಇಲ್ಲಿ ಮಾತ್ರ. ಕಾಲು ಚಾಚಿ ಕೂರುವ ಕುರ್ಚಿ ಒಳಗೆ ಹಿಡಿಸುತ್ತದೋ ಇಲ್ಲವೋ ಎಂದು ಯಜಮಾನರು ಬಾಗಿಲು ಅಳೆದಿದ್ದರು. ಅವನು ಇದನ್ನೆಲ್ಲ ಪೆಟ್ಟಿಗೆಯನ್ನು ನೋಡುತ್ತಾ ಹೇಳಿದ.

“ಪ್ಲೇಟು ನನ್ ಕೈಲಿ ಆಗಲ್ಲ, ಅದಕ್ಕೆ ನಿಂತಿರಬೇಕು, ಕಿವಿ ಬೇಕು. ಇದಾದ್ರೆ ಕೂತು ಮಾಡ್ಬಹುದು ಅಂದ್ರು ಯಜಮಾನ್ರು. ನಾನು ಒಪ್ಕೊಂಡಿಲ್ಲ. ಬೇಡ ಅಂತಾನೂ ಹೇಳಿಲ್ಲ.”

ಅವಳು ಅವನ ಮೊಣಕಾಲು ನೋಡಿದಳು. ಇಷ್ಟು ದಿನ ಅವನ ಕೈಗಳನ್ನೇ ಕಾಯುತ್ತಿದ್ದವಳಿಗೆ ಕಾಲು ಕಾಣಿಸಿಯೇ ಇರಲಿಲ್ಲ. ಆ ಬೆಳಿಗ್ಗೆ ಕಂಬಿ ಹಿಡಿದು ನಿಂತದ್ದು ಹಾಡು ಕೇಳಲು ಆಗಿರಲಿಲ್ಲ. ಬೇಕೆಂದೇ ಸುಮಾರಾಗಿ ಆಡಿದ್ದೂ ಅಲ್ಲ. ಸಿಟ್ಟು ಇನ್ನೂ ಹೊಟ್ಟೆಯಲ್ಲೇ ಇತ್ತು, ಅದನ್ನು ಯಾರ ಮೇಲೆ ಸುರಿಯಬೇಕೋ ತಿಳಿಯಲಿಲ್ಲ.

“ನಂಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಆ ಕ್ಷಣಾನೇ ಎದ್ದು ಜಾಗ ಬಿಟ್ಟುಕೊಡ್ತಿದ್ದೆ. ಅದು ನಂಗೆ ಬೇಡವಾಗಿತ್ತು.”

ಬಿಟ್ಟುಕೊಡುತ್ತಿದ್ದೆನಾ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಖಾತ್ರಿಯಾಗಿ ಹೌದು ಅನ್ನಲಾಗಲಿಲ್ಲ. ಅವಳ ಮೇಲೆ ಅವನಿಗಿದ್ದ ನಂಬಿಕೆ ಅವಳಿಗೇ ಇರಲಿಲ್ಲ. ಅದು ತಿಳಿದಾಗ ಅವಳಿಗೆ ನಾಚಿಕೆಯಾಯಿತು, ಆ ನಾಚಿಕೆಗೂ ಸಿಟ್ಟೇ ಬಂತು.

“ಮತ್ತೆ ಈ ಶೂ?”

“ಮದುವೆ ಆದ ಹೊಸದರಲ್ಲಿ ಎಷ್ಟು ಸಲ ಕರೆದೆ ಹೇಳು, ಒಂದು ಸುತ್ತು ಬಾ ಅಂತ. ಕರೆದಾಗೆಲ್ಲ ಪ್ಲೇಟು ಮುಗಿಯುತ್ತೆ ಅಂದೆ. ನಿಜಾನೇ, ಮುಗೀತಿತ್ತು. ಇದು ಅರ್ಧ ಗಂಟೆ ತಾನೇ ಹಾಡುತ್ತೆ, ಯಾರೂ ಬೇಡ.” ಅವನು ಪೆಟ್ಟಿಗೆಯನ್ನು ಹಲಗೆಯ ಅಂಚಿಗಿಟ್ಟ. “ಇನ್ನೊಂದು ತಿಂಗಳಾದ್ರೆ ನನ್ ಕೈಲಾಗಲ್ಲ. ಅದಕ್ಕೇ ಕಲಿತಿದ್ದು. ಕುರ್ಚಿ ಮಾತು ಆಮೇಲೆ ಬಂತು.”

ಗಾಜಿನಾಚೆ ಜನ ಹಾಡಿಗೆ ಕಾಯುತ್ತಿದ್ದರು. ಚಕ್ರಮಾಮ ‘ಶುರು’ ಒತ್ತಿದ. ಆಮೇಲೆ ತುಂಬ ನಿಧಾನವಾಗಿ, ಹಲಗೆಯ ಹಗ್ಗ ಹಿಡಿದುಕೊಂಡು, ಮಂಡಿಯೂರಲು ಹೋದ. ಅವಳು ಅವನ ಭುಜ ಹಿಡಿದು ತಡೆದು, ತಾನೇ ಬಗ್ಗಿ ಲೇಸು ಕಟ್ಟಿಕೊಂಡಳು.

ಹುಡುಗಿಯಾಗಿದ್ದಾಗ ಅವಳು ಇದೇ ಹಾಲ್‌ನಲ್ಲಿ ಆಡಿದವಳು. ಅದನ್ನು ತಲೆ ಮರೆತಿತ್ತು, ಕಾಲು ಅರ್ಧ ನೆನಪಿಟ್ಟಿತ್ತು. ಅವನು ಒಂದು ಕೈಯಲ್ಲಿ ಕಂಬಿ ಹಿಡಿದಿದ್ದ, ಅವಳು ಅವನ ಇನ್ನೊಂದು ಕೈಯನ್ನು. ಒಬ್ಬರು ಬಿದ್ದರೆ ಇಬ್ಬರೂ ಬೀಳುವ ಹಾಗೆ ಹೊರಟರು. ಅಂಚೆಕಚೇರಿಯ ದೊಡ್ಡಮ್ಮ ಹಿಂದಿನಿಂದ ಬಂದು ದಾಟಿಕೊಂಡು ಹೋಗುತ್ತಾ, “ಗೂಡಲ್ಲಿ ಯಾರಿದಾರೆ ಮತ್ತೆ?” ಅಂದರು.

ಪ್ಲೇಟಕ್ಕನ ಕಿವಿ ಹಾಡಿನ ಮೇಲೇ ಇತ್ತು. ಮೊದಲ ಹಾಡು ಮುಗಿಯುವ ಹೊತ್ತಿಗೆ ಅವಳ ಬೆರಳು ಅವನ ಅಂಗೈಯೊಳಗೆ ಬಿಗಿಯಾಯಿತು. ಈಗ ಎಡವುತ್ತದೆ ಎಂದು ಕಾದಳು. ಎಡವಲಿ ಎಂದೇ ಬೇಡಿಕೊಂಡಳು. ಎರಡನೇ ಹಾಡು ಮೊದಲನೆಯದರ ಕೆಳಗಿನಿಂದ ಎದ್ದು ಬಂತು, ಹೆಜ್ಜೆಗೆ ಹೆಜ್ಜೆ ಕೂಡಿತು, ಯಾರ ಕಾಲೂ ತಪ್ಪಲಿಲ್ಲ. ಮೂರನೆಯದೂ ಹಾಗೇ. ನಾಲ್ಕನೆಯದು ಅವಳೇ ಜೋಡಿಗಳಿಗೆಂದು ಹೇಳಿದ್ದ ಹಾಡು, ಅವಳು ಎಳೆದಿಡುತ್ತಿದ್ದಷ್ಟೇ ನಿಧಾನ. ಪೆಟ್ಟಿಗೆ ಒಂದು ತಪ್ಪೂ ಮಾಡಲಿಲ್ಲ. ಅದಕ್ಕಾಗಿ ಅವಳು ಅದನ್ನು ಎಂದಿಗೂ ಕ್ಷಮಿಸಲಿಲ್ಲ.

ಪ್ಲೇಟಿಗೆ ಮೂರು ನಿಮಿಷಕ್ಕೊಮ್ಮೆ ಅವಳು ಬೇಕಾಗಿದ್ದಳು. ಅಷ್ಟು ಸಲ ತಾನು ಬೇಕು ಎಂದು ಕೇಳುವವರು ಲೋಕದಲ್ಲಿ ಇನ್ನು ಯಾರೂ ಇಲ್ಲ ಎಂದು ಅವಳು ನಂಬಿದ್ದಳು, ಅದರಲ್ಲೇ ಬದುಕಿದ್ದಳು. ಪಕ್ಕದಲ್ಲಿ ಚಕ್ರಮಾಮ ಪ್ರತಿ ತಿರುವಿನಲ್ಲಿ ಹಲ್ಲು ಕಚ್ಚುತ್ತಿದ್ದ. ನೋವಾಗುತ್ತಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ನಿಲ್ಲೋಣ ಎಂದರೆ ನಿಲ್ಲುವವನಲ್ಲ. ಅವನು ಇಷ್ಟು ವರ್ಷ ಶೂ ಕೌಂಟರಿನಿಂದ ಈ ಗಾಜನ್ನು ನೋಡುತ್ತಾ ಇದೊಂದನ್ನು ಕಾಯುತ್ತಿದ್ದ ಎಂಬುದು ಅವಳಿಗೆ ಸುತ್ತಿನ ನಡುವೆ ಅರ್ಥವಾಯಿತು. ಅವಳಿಗೆ ಅವನ ಮೇಲೆ ಪ್ರೀತಿ ಬಂತು, ಹೊಟ್ಟೆ ಉರಿಯುವಷ್ಟು.

ಹಾಡು ತಟ್ಟನೆ ನಿಂತಿತು. ಜನ ಜಾರುತ್ತಾ ಜಾರುತ್ತಾ ನಿಧಾನವಾಗಿ, ಎಲ್ಲರೂ ಗಾಜಿನ ಗೂಡಿನ ಕಡೆ ತಿರುಗಿ ನೋಡಿದರು. ಒಳಗೆ ಯಾರೂ ಇರಲಿಲ್ಲ.

“ಕೆಟ್ಟೋಯ್ತಾ?” ಅಂದಳು ಅವಳು. ದನಿಯಲ್ಲಿ ಆಸೆ ಇತ್ತು.

“ಇಲ್ಲ, ಮುಗೀತು. ಅರ್ಧ ಗಂಟೆ. ನಾನು ತುಂಬಿಸಿದ್ದು ಅಷ್ಟೇ.”

“ಇಡೀ ಮಧ್ಯಾಹ್ನದ ಆಟಕ್ಕೆ ಅರ್ಧ ಗಂಟೆ ಸಾಕಾಗುತ್ತಾ?”

“ಅಷ್ಟೇ ಅಲ್ವಾ ಬೇಕಾಗಿದ್ದಿದ್ದು.”

“ಪೂರ್ತಿ ತುಂಬಿಸೋದು ಕಲೀರಿ,” ಅಂದಳು. ಅವನ ಮುಖ ನೋಡಲಿಲ್ಲ, ಮುಂದಿನ ತಿರುವು ನೋಡುತ್ತಿದ್ದಳು. “ಮುಂದಿನ ತಿಂಗಳಿಂದ ಅಲ್ಲಿ ಕೂರೋರು ನೀವು. ಲೇಸು ನಾನು ಕಟ್ತೀನಿ.”

ಅವನು ಬಾಯಿ ತೆರೆದ.

“ಮಾತಾಡ್ಬೇಡಿ. ಜನ ನಿಂತಿದಾರೆ.”

ಅವನನ್ನು ಕಂಬಿಗೆ ಒರಗಿಸಿ, ಅವನ ಎರಡು ಕೈಯನ್ನೂ ಕಂಬಿಯ ಮೇಲೆ ಇಟ್ಟು, ಅವಳು ಒಬ್ಬಳೇ ಗೂಡಿನ ಕಡೆ ಹೊರಟಳು. ದಾರಿಯಲ್ಲಿ ಎರಡು ಸಲ ಬೀಳುವುದರಲ್ಲಿದ್ದಳು. ಚಕ್ರದ ಶೂ ಕಳಚದೆಯೇ ಒಳಗೆ ಹೋಗಿ, ಕೈಗೆ ಸಿಕ್ಕ ಪ್ಲೇಟನ್ನು ಯಂತ್ರದ ಮೇಲಿಟ್ಟು ಸೂಜಿಯ ತೋಳು ಎತ್ತಿದಳು. ಕಣ್ಣು ತುಂಬಿದ್ದರಿಂದ ಗೆರೆಗಳು ಸರಿಯಾಗಿ ಕಾಣಲಿಲ್ಲ. ಸೂಜಿ ತಪ್ಪಿ ಹಾಡಿನ ನಟ್ಟನಡುವೆ ಇಳಿಯಿತು. ಇಷ್ಟು ವರ್ಷದಲ್ಲಿ ಅವಳಿಂದ ಅಂಥ ತಪ್ಪು ಆಗಿರಲಿಲ್ಲ. ಎತ್ತಿ ಮೊದಲಿನಿಂದ ಇಡಬಹುದಿತ್ತು, ಇಡಲಿಲ್ಲ. ಹೊರಗೆ ಜನ ಎಲ್ಲಿಂದ ಶುರುವಾಯಿತೋ ಅಲ್ಲಿಂದಲೇ ಹೆಜ್ಜೆ ಹಾಕಿಕೊಂಡು ಹೊರಟರು.